ಹದಿನೆಂಟರ ಮಗ್ಗಿಯ ಕಾರ್ಡಿಗನ್ನುಗಳು

ದಸರೆಯ ಗೊಂಬೆಗಳನ್ನು ಪೆಟ್ಟಿಗೆಗೆ ಸೇರಿಸಿದ ಮರುದಿನವೇ ಎರಡು ಲೇಸ್ ಕಾರ್ಡಿಗನ್ನುಗಳನ್ನು ಒಟ್ಟಿಗೆ ಆರಂಭಿಸಿದ್ದೆ. ಒಂದು, ಧನುರ್ಮಾಸದಲ್ಲಿ ನಸುಕಿಗೇ ದೇವಸ್ಥಾನಕ್ಕೆ ಹೊರಡುವ ಅತ್ತೆಯವರಿಗೆ. ಇನ್ನೊಂದು, ಮಾಘದಲ್ಲಿ ಹುಟ್ಟಲಿರುವ ನಾದಿನಿಯ ಮಗುವಿಗೆ. ಮಗುವಿನದು ಗುಂಡಿ ಹಚ್ಚುವುದೊಂದು ಬಿಟ್ಟರೆ ಮುಗಿದಿದೆ. ಅತ್ತೆಯವರದು ತೋಳಿನ ಹಂತದಲ್ಲಿದೆ.

"ಇದೇನಮ್ಮಾ, ಬರೀ ತೂತೇ ಇದೆಯಲ್ಲ! ಚಳಿ ತಡೆಯುತ್ತಾ ಇದು?" ಎಂದು ಅತ್ತೆ ಕೇಳಿದ್ದರು. ಆದರೆ ಮೈಸೂರಿನ ಚಳಿ ಮಡಿಕೇರಿಯ ಚಳಿಯಲ್ಲ. ಬೆಳಗ್ಗೆ ಆರಕ್ಕೆ ಬೇಕೆನಿಸಿದ ಸ್ವೆಟರ್ ಒಂಬತ್ತಕ್ಕೆಲ್ಲ ಮೈಯಿಂದ ಕೈಗೆ ಬಂದಿರುತ್ತದೆ. ಈ ಊರಿಗೆ ಗಾಳಿಯಾಡುವ, ಮುಂದೆ ಗುಂಡಿಯಿರುವ ಹೆಣಿಗೆಯೇ ಸರಿ. ಕತ್ತು ನಿಲ್ಲದ ಕೂಸಿಗಂತೂ ತಲೆಯ ಮೇಲಿಂದ ಎಳೆದು ತೊಡಿಸುವ ಪಾಡು ತಪ್ಪುತ್ತದೆ. (1854ರಲ್ಲಿ ಬಾಲಕ್ಲಾವಾ ಕದನದಲ್ಲಿ ಅಶ್ವದಳವನ್ನು ನಡೆಸಿದ ಕಾರ್ಡಿಗನ್ನಿನ ಅರ್ಲ್ ಈ ಉಡುಪಿಗೆ ಹೆಸರು ಕೊಟ್ಟ, ನಮ್ಮ ಬೀದಿಯ ಹಿರಿಯರು ವಾಕಿಂಗಿಗೆ ಹಾಕಿಕೊಳ್ಳುವ ಮಂಕಿ ಕ್ಯಾಪಿಗೆ ಇಂಗ್ಲಿಷಿನಲ್ಲಿ ಆ ಕದನದ ಊರಿನದೇ ಹೆಸರು.)

ಎರಡಕ್ಕೂ ನಾನು ಆರಿಸಿಕೊಂಡದ್ದು ಸ್ಕಾಟ್‌ಲೆಂಡಿನ ಶೆಟ್‌ಲೆಂಡ್ ದ್ವೀಪಗಳ 'ಓಲ್ಡ್ ಶೇಲ್' ವಿನ್ಯಾಸ. ಇದು ನಾಲ್ಕೇ ಸಾಲಿನದು. ಮೊದಲನೆಯದು ಸೀದಾ, ಎರಡನೆಯದು ಉಲ್ಟಾ, ನಾಲ್ಕನೆಯದು ಮತ್ತೆ ಸೀದಾ. ಕೆಲಸವೆಲ್ಲ ಮೂರನೆಯ ಸಾಲಿನಲ್ಲಿದೆ. ಅಲ್ಲಿ ಎರಡೆರಡು ಕುಣಿಕೆಗಳನ್ನು ಮೂರು ಬಾರಿ ಒಂದಾಗಿಸಿ, ಬಳಿಕ ಕಡ್ಡಿಗೆ ದಾರ ಸುತ್ತಿ ಒಂದು ಸೀದಾ ಎಂಬಂತೆ ಆರು ಬಾರಿ ಹೆಣೆದು, ಮತ್ತೆ ಮೂರು ಬಾರಿ ಎರಡೆರಡನ್ನು ಒಂದಾಗಿಸಬೇಕು. ಆರು ಕಳೆದು ಆರು ಕೂಡುವುದರಿಂದ ಒಂದು ಅಲೆಯ ಹದಿನೆಂಟು ಕುಣಿಕೆ ಹದಿನೆಂಟಾಗಿಯೇ ಉಳಿದು, ಅಂಚು ಮಾತ್ರ ಅಲೆಯಂತೆ ಬಾಗುತ್ತದೆ.

ಅಳತೆಯ ತಾಪತ್ರಯ ಹುಟ್ಟುವುದೂ ಇಲ್ಲಿಂದಲೇ. ಸಾದಾ ಸ್ವೆಟರಿಗೆ ನಾಲ್ಕು ಕುಣಿಕೆ ಹೆಚ್ಚು ಕಡಿಮೆ ಮಾಡಬಹುದು; ಇದು ಹದಿನೆಂಟರ ಮಗ್ಗಿಯಲ್ಲೇ ಬೆಳೆಯುತ್ತದೆ. 8 ನಂಬರ್ ಕಡ್ಡಿಯಲ್ಲಿ ನನ್ನ ಕೈಗೆ ಇಂಚಿಗೆ ಆರು ಕುಣಿಕೆ, ಅಂದರೆ ಒಂದು ಅಲೆಗೆ ಮೂರು ಇಂಚು. ಅತ್ತೆಯವರಿಗೆ ಹದಿಮೂರು ಅಲೆ, 234 ಕುಣಿಕೆ, 39 ಇಂಚು. ಮಗುವಿಗೆ ಇನ್ನೂ ಸಣ್ಣ 10 ನಂಬರ್ ಕಡ್ಡಿಯಲ್ಲಿ ಇಂಚಿಗೆ ಏಳರಂತೆ ಏಳು ಅಲೆ ಹಾಕಿದಾಗ ಸರಿಯಾಗಿ 18 ಇಂಚು ಬಂತು. ಅತ್ತೆಯವರದು ಕಡ್ಡಿಯ ಮೇಲಿರುವಾಗ ಈಗ 36 ಇಂಚೇ ಇದೆ, ಬಿಗಿಯೆಂದು ಅವರು ಗೊಣಗುತ್ತಲೂ ಇದ್ದಾರೆ. ಆದರೆ ಉಣ್ಣೆಯ ಲೇಸನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಎಳೆದು ಗುಂಡುಪಿನ್ನು ಚುಚ್ಚಿ ಒಣಗಿಸಿದಾಗಲೇ ತೂತುಗಳು ಕಣ್ಣು ಬಿಡುತ್ತವೆ, ಅಳತೆಯೂ ಹಿಗ್ಗುತ್ತದೆ. ಆರರ ಲೆಕ್ಕ ನಾನು ತೊಳೆದು ನೋಡಿದ ಮಾದರಿ ತುಂಡಿನದು.

ತಪ್ಪಿದ್ದು ಅತ್ತೆಯವರ ಕಾರ್ಡಿಗನ್ನಿನ ಬೆನ್ನಿನ ಕಂಕುಳಿನಲ್ಲಿ. ಎರಡೂ ಬದಿಯಲ್ಲಿ ಆರಾರು ಕುಣಿಕೆ ಮುಚ್ಚಿದಾಗ ತುದಿಯ ಅಲೆಗಳಲ್ಲಿ ಕಳೆಯುವ ಭಾಗ ಅರ್ಧ ಹೋಯಿತು, ಕೂಡುವ ಭಾಗ ಪೂರ್ತಿ ಉಳಿಯಿತು. ಅದನ್ನು ಗಮನಿಸದೆ ಹನ್ನೆರಡು ಸಾಲು ಹೆಣೆದೆ. ಎಣಿಸಿದರೆ ಸರಿಯಾಗಿ ಹದಿನೆಂಟು ಕುಣಿಕೆ ಹೆಚ್ಚು! ಪುಣ್ಯಕ್ಕೆ ಕಂಕುಳ ಆರಂಭಿಸುವ ಮುನ್ನ ಸಾಲಿನ ಕುಣಿಕೆಗಳಿಗೆಲ್ಲ ಕೆಂಪು ಹೊಲಿಗೆ ದಾರವೊಂದನ್ನು ಪೋಣಿಸಿಟ್ಟಿದ್ದರಿಂದ, ಬಿಚ್ಚಿದ ಹೆಣಿಗೆ ಅಲ್ಲಿಗೆ ಬಂದು ನಿಂತಿತು. ಆಮೇಲೆ ತುದಿಯ ಅರೆ ಅಲೆಗೆ ಮೂರೇ ಸುತ್ತು ಹಾಕಿದೆ.

ಮಗುವಿನದಕ್ಕೆ ಉಣ್ಣೆ ಬಳಸಲಿಲ್ಲ. ಹಿಂದೊಮ್ಮೆ ಅಕ್ಕನ ಮಗನಿಗೆ ಹೆಣೆದ ಉಣ್ಣೆಯ ಸ್ವೆಟರ್ ಬಾಣಂತನದ ಹಂಡೆಯ ಬಿಸಿನೀರಿಗೆ ಬಿದ್ದು, ಪಟ್ಟದ ಗೊಂಬೆಗೆ ತೊಡಿಸುವಷ್ಟಕ್ಕೆ ಕುಗ್ಗಿತ್ತು. ಹೀಗಾಗಿ ಈ ಸಲ ಅಕ್ರಿಲಿಕ್ ದಾರ. ಆದರೆ ಅದು ಬೆಂಕಿಗೆ ಕರಗುವುದರಿಂದ ಸಾಂಬ್ರಾಣಿ ಕೆಂಡದ ಹತ್ತಿರ ಮಗುವಿಗೆ ತೊಡಿಸಬಾರದೆಂದು ನಾದಿನಿಗೆ ಈಗಲೇ ಹೇಳಿದ್ದೇನೆ. ಎಳೆಬೆರಳು ಸಿಕ್ಕಿಕೊಳ್ಳದಿರಲೆಂದು ತೋಳುಗಳನ್ನು ಸಾದಾ ಹೆಣೆದು, ಒಳಗೆ ದಾರದ ತುದಿಯೊಂದೂ ಉಳಿಯದಂತೆ ಸೇರಿಸಿದ್ದೇನೆ.

ಶನಿವಾರ ದೇವರಾಜ ಮಾರುಕಟ್ಟೆಯ ಕಡೆ ಹೋಗಿ ಗುಂಡಿ ತರಬೇಕು. ಅಷ್ಟರೊಳಗೆ ಅತ್ತೆಯವರ ಎಡತೋಳು ಮೊಣಕೈ ದಾಟಬೇಕಿದೆ.