ಪೆಟ್ರೋಲ್ ಪುಕ್ಕಟೆ ಸಿಗುತ್ತದೆಂದು ನಂಬಿದ್ದ ದಿನ

2020ರ ಏಪ್ರಿಲ್ 21. ಲಾಕ್‌ಡೌನಿನಲ್ಲಿ ಮನೆಯಲ್ಲೇ ಕೂತವರ ಮುಂದೆ ಬೆಳಿಗ್ಗೆಯಿಂದ ಟಿವಿಯಲ್ಲಿ ಒಂದೇ ಸುದ್ದಿ: ಕಚ್ಚಾ ತೈಲ ಬ್ಯಾರೆಲ್‌ಗೆ ಮೈನಸ್ 37 ಡಾಲರ್. 'ಹಾಗಾದ್ರೆ ಬಂಕಿನವರು ಪೆಟ್ರೋಲ್ ಹಾಕಿ ಮೇಲೆ ದುಡ್ಡನ್ನೂ ಕೊಡ್ಬೇಕಲ್ವಾ?' ಎಂದು ವಾಟ್ಸ್ಆ್ಯಪ್‌ನಲ್ಲಿ ಕೆಲವರು ತಮಾಷೆಗೆ ಕೇಳಿದರು, ಕೆಲವರು ನಿಜಕ್ಕೂ ಕೇಳಿದರು. ಈಗ ನೆನೆದರೆ ಮುಜುಗರವಾಗುತ್ತದೆ. ಸುದ್ದಿ ಸುಳ್ಳಾಗಿರಲಿಲ್ಲ, ಅದು ಯಾವುದರ ಬೆಲೆ ಎಂದು ಕೇಳಬೇಕೆಂಬುದೇ ನಮಗೆ ಹೊಳೆದಿರಲಿಲ್ಲ.

ಅದು ಅಮೆರಿಕದ ಡಬ್ಲ್ಯುಟಿಐ ಎಂಬ ಬಗೆಯ ಕಚ್ಚಾ ತೈಲದ ಮೇ ತಿಂಗಳ ಫ್ಯೂಚರ್ಸ್ ಕಾಂಟ್ರಾಕ್ಟಿನ, ಅಂದರೆ ಮುಂದೆ ಪಡೆಯುವ ಎಣ್ಣೆಗೆ ಈಗಲೇ ದರ ಗೊತ್ತುಮಾಡಿಕೊಳ್ಳುವ ಒಪ್ಪಂದದ ಬೆಲೆ. ಒಂದು ಕಾಂಟ್ರಾಕ್ಟ್ ಎಂದರೆ 1,000 ಬ್ಯಾರೆಲ್. ಬ್ಯಾರೆಲ್‌ಗೆ 159 ಲೀಟರ್ ಲೆಕ್ಕದಲ್ಲಿ 1.59 ಲಕ್ಷ ಲೀಟರ್. ಅವಧಿ ಮುಗಿದಾಗ ಅದು ಯಾರ ಕೈಯಲ್ಲಿ ಉಳಿದಿದೆಯೋ ಅವರು ಒಕ್ಲಹೋಮಾ ರಾಜ್ಯದ ಕುಶಿಂಗ್ ಎಂಬ ಊರಿನಲ್ಲಿ ನಿಜವಾದ ಎಣ್ಣೆಯನ್ನೇ ಪಡೆಯಬೇಕು. ಕುಶಿಂಗ್‌ಗೆ ಸಮುದ್ರವಿಲ್ಲ, ಇರುವುದು ಪೈಪ್‌ಲೈನು ಮತ್ತು ಟ್ಯಾಂಕು. ಕೋವಿಡ್‌ನಿಂದ ಬೇಡಿಕೆ ಕುಸಿದು, ಖಾಲಿ ಟ್ಯಾಂಕ್ ಬಾಡಿಗೆಗೂ ಸಿಗದ ಸ್ಥಿತಿ. ಏಪ್ರಿಲ್ 21 ಕಾಂಟ್ರಾಕ್ಟಿನ ಕೊನೆಯ ದಿನ. ಹಾಗಾಗಿ 20ರಂದು, ಎಣ್ಣೆ ಇಟ್ಟುಕೊಳ್ಳಲು ಜಾಗವಿಲ್ಲದವರು ಕೈಯಿಂದ ದುಡ್ಡು ಕೊಟ್ಟಾದರೂ ಸರಿ, ಕಾಂಟ್ರಾಕ್ಟನ್ನು ಬೇರೆಯವರಿಗೆ ದಾಟಿಸಿಬಿಡೋಣ ಎಂದು ಹೊರಟರು. ಹಿಂದಿನ ವಹಿವಾಟಿನ ದಿನ 18.27 ಡಾಲರ್ ಇದ್ದದ್ದು ಮೈನಸ್ 37.63ಕ್ಕೆ ಬಂದು ನಿಂತಿತು. ಅದೇ ದಿನ ಅದೇ ಎಣ್ಣೆಯ ಜೂನ್ ಕಾಂಟ್ರಾಕ್ಟು 20 ಡಾಲರ್ ಮೇಲೆಯೇ ಇತ್ತು, ಜಗತ್ತಿನ ಇನ್ನೊಂದು ಅಳತೆಗೋಲಾದ ಬ್ರೆಂಟ್ ತೈಲ 25ರ ಮೇಲೆ. ತಲೆಬರಹದಲ್ಲಿ ಈ ಎರಡು ಅಂಕಿಗಳಿಗೆ ಜಾಗವಿರಲಿಲ್ಲ.

ನಕ್ಕು ಸುಮ್ಮನಾದವರಿಗೆ ನಷ್ಟವೇನೂ ಆಗಲಿಲ್ಲ. ಪೆಟ್ಟು ಬಿದ್ದದ್ದು ನಮ್ಮ ಸರಕು ವಿನಿಮಯ ಕೇಂದ್ರವಾದ ಎಂಸಿಎಕ್ಸ್‌ನಲ್ಲಿ, 'ಸೊನ್ನೆಗಿಂತ ಕೆಳಗೆ ಎಲ್ಲಿ ಹೋಗುತ್ತೆ' ಎಂದು ನಂಬಿ ಕಚ್ಚಾ ತೈಲದ ಕಾಂಟ್ರಾಕ್ಟ್ ಖರೀದಿಸಿದವರಿಗೆ. ಅಲ್ಲಿ ಒಂದು ಲಾಟ್, ಅಂದರೆ ಒಂದು ಕಾಂಟ್ರಾಕ್ಟ್, 100 ಬ್ಯಾರೆಲ್. ಎಣ್ಣೆ ಮನೆಗೆ ಬರುವುದಿಲ್ಲ, ಅಮೆರಿಕದ ದರವನ್ನು ರೂಪಾಯಿಗೆ ತಿರುಗಿಸಿ ಲೆಕ್ಕ ಚುಕ್ತಾ. ಲಾಕ್‌ಡೌನ್ ಕಾರಣ ಎಂಸಿಎಕ್ಸ್ ಸಂಜೆ 5ಕ್ಕೇ ಮುಚ್ಚುತ್ತಿತ್ತು, ಅಮೆರಿಕದಲ್ಲಿ ಕುಸಿತವಾದದ್ದು ನಮ್ಮ ರಾತ್ರಿ. ಮಾರಿ ಹೊರಬರಲು ಬಾಗಿಲೇ ಇಲ್ಲ. ಅಂತಿಮ ದರ ಬ್ಯಾರೆಲ್‌ಗೆ ಮೈನಸ್ 2,884 ರೂಪಾಯಿ ಎಂದು ನಿಗದಿಯಾಯಿತು. ಬ್ಯಾರೆಲ್‌ಗೆ 1,000 ರೂಪಾಯಿಯಂತೆ ಒಂದು ಲಾಟ್ ಕೊಂಡವನು ಹಾಕಿದ್ದು ಒಂದು ಲಕ್ಷದ ಸರಕಿನ ಮೇಲೆ, ಕಳೆದುಕೊಂಡದ್ದು 3,88,400. ಖಾತೆಯಲ್ಲಿ ಠೇವಣಿಯಾಗಿಟ್ಟ ಹಣ (ಮಾರ್ಜಿನ್) ಸಾಲದೆ ಬ್ರೋಕರ್‌ಗೇ ಬಾಕಿ.

ಇನ್ನು ಬಂಕಿನ ವಿಷಯ. ನಾವು ಆಮದು ಮಾಡಿಕೊಳ್ಳುವ ಎಣ್ಣೆಯನ್ನು ಅಳೆಯುವುದು ಒಮಾನ್, ದುಬೈ ಮತ್ತು ಬ್ರೆಂಟ್ ದರಗಳಿಂದ, ಡಬ್ಲ್ಯುಟಿಐನಿಂದಲ್ಲ. ಆ ಏಪ್ರಿಲ್‌ನಲ್ಲಿ ನಮ್ಮ ಆಮದು ಎಣ್ಣೆಯ ಸರಾಸರಿ ಬ್ಯಾರೆಲ್‌ಗೆ 20 ಡಾಲರ್ ಆಸುಪಾಸು. ಡಾಲರ್‌ಗೆ 76 ರೂಪಾಯಿ ಹಿಡಿದರೂ ಲೀಟರ್ ಕಚ್ಚಾ ತೈಲಕ್ಕೆ ಹತ್ತು ರೂಪಾಯಿಗೂ ಕಡಿಮೆ. ಬೆಂಗಳೂರಿನ ಬಂಕಿನಲ್ಲಿ ಪೆಟ್ರೋಲ್ 73 ರೂಪಾಯಿ ಚಿಲ್ಲರೆ! ಏಪ್ರಿಲ್ 1ರಿಂದ ರಾಜ್ಯ ಪೆಟ್ರೋಲಿನ ಮೇಲಿನ ಮಾರಾಟ ತೆರಿಗೆಯನ್ನು ಶೇ 32ರಿಂದ 35ಕ್ಕೆ ಏರಿಸಿತ್ತು. ಮೇ ಮೊದಲ ವಾರ ಕೇಂದ್ರ ಅಬಕಾರಿ ಸುಂಕವನ್ನು 10 ರೂಪಾಯಿ ಏರಿಸಿ ಲೀಟರಿಗೆ 32.98 ಮಾಡಿತು. ಎಣ್ಣೆ ಅಗ್ಗವಾದದ್ದೆಲ್ಲ ಹೋದದ್ದು ಅಲ್ಲಿಗೆ. ಮಾರ್ಚ್ ಮಧ್ಯದಿಂದ ನಿಂತಿದ್ದ ದಿನವಹಿ ದರ ಪರಿಷ್ಕರಣೆ ಜೂನ್ 7ಕ್ಕೆ ಮತ್ತೆ ಶುರುವಾದಾಗ ದರ ಹೋದದ್ದು ಮೇಲಕ್ಕೇ.

ಆ ಅಗ್ಗದ ಎಣ್ಣೆ ನಮ್ಮೂರಿಗೆ ಬರಲೇ ಇಲ್ಲವೆಂದಲ್ಲ. ಮಂಗಳೂರಿನಲ್ಲಿ ಮತ್ತು ಕಾಪು ಹತ್ತಿರದ ಪಾದೂರಿನಲ್ಲಿ ಕಚ್ಚಾ ತೈಲ ಕೂಡಿಡಲು ಬಂಡೆ ಕೊರೆದು ಮಾಡಿದ ನೆಲಮಾಳಿಗೆಗಳಿವೆ. 15 ಲಕ್ಷ ಮತ್ತು 25 ಲಕ್ಷ ಟನ್ ಹಿಡಿಯುವಂಥವು. ಏಪ್ರಿಲ್–ಮೇ ತಿಂಗಳಲ್ಲಿ ಸರ್ಕಾರ ಅವನ್ನೂ ವಿಶಾಖಪಟ್ಟಣದ್ದನ್ನೂ ತುಂಬಿಸಿತು. ಕೊಟ್ಟ ಬೆಲೆ ಬ್ಯಾರೆಲ್‌ಗೆ ಸುಮಾರು 19 ಡಾಲರ್.