ಬೀದರ್ ಗಾಡಿಯ ಕಿಟಕಿ ಸೀಟು

ಬೀದರ್‌ನಿಂದ ಕಲಬುರಗಿಗೆ ರೈಲಿನಲ್ಲಿ ಹೋಗೋದು ಅಂದರೆ ನನಗೆ ಇವತ್ತಿಗೂ ಖುಷಿ. ಮೊದಲು ಹೀಗಿರಲಿಲ್ಲ, ಅಲ್ವಾ? ರೈಲೇ ಬೇಕು ಅಂದರೆ ವಿಕಾರಾಬಾದ್‌ಗೆ ಹೋಗಿ, ಅಲ್ಲಿಂದ ತಾಂಡೂರು, ವಾಡಿ ಅಂತ ಸುತ್ತು ಹಾಕಿ ಬರಬೇಕಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲರೂ ಬಸ್ಸೇ ಹತ್ತುತ್ತಿದ್ದೆವು. ಅವ್ವನಿಗೆ ಬಸ್ಸಿನಲ್ಲಿ ವಾಂತಿ, ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕೂತಿರುತ್ತಿದ್ದಳು.

ನೇರ ಮಾರ್ಗ ಶುರುವಾಗಿದ್ದು 2017ರ ಅಕ್ಟೋಬರ್ 29ರಂದು. ಸುಮಾರು 110 ಕಿಲೋಮೀಟರ್ ಅಷ್ಟೇ! ಮುಂಬೈ ಕಡೆಯಿಂದ ಬಂದ ಹಳಿ 1871ರಲ್ಲೇ ನಮ್ಮ ಕಲಬುರಗಿ ದಾಟಿ ರಾಯಚೂರು ಮುಟ್ಟಿತ್ತು, 1874ರಲ್ಲಿ ವಾಡಿಯಿಂದ ಸಿಕಂದರಾಬಾದ್‌ಗೆ ನಿಜಾಮರ ರೈಲು ಓಡಿತ್ತು, ಆದರೆ ಅಕ್ಕಪಕ್ಕದ ಈ ಎರಡು ಊರು ಸೇರಿಸೋಕೆ ಇಷ್ಟು ವರ್ಷ ಬೇಕಾಯಿತು. ನೆನೆದರೆ ಈಗಲೂ ಸಂಕಟ ಆಗುತ್ತದೆ.

ಈಗ ಅವ್ವನಿಗೆ ಕಿಟಕಿ ಸೀಟೇ ಬೇಕು. ಬೀದರ್‌ನ ಕೆಂಪು ಮಣ್ಣು, ಹುಮನಾಬಾದ್, ಆಮೇಲೆ ಮರಗುತ್ತಿ ಸುರಂಗ. ಗಾಡಿ ಒಳಗೆ ಹೋದಾಗ ಡಬ್ಬಿಯಲ್ಲಿರೋ ಮಕ್ಕಳೆಲ್ಲ ಕೂಗುತ್ತವೆ. ಕಮಲಾಪುರ ಬಂದರೆ ಅಲ್ಲಿನ ಕೆಂಪು ಬಾಳೆಹಣ್ಣಿನ ಮಾತು. ಅಲ್ಲಿಂದ ಮುಂದೆ ಕರಿಮಣ್ಣು, ತೊಗರಿ ಹೊಲ. ಹೋದ ಸಲ ಅವ್ವ ರೊಟ್ಟಿ ಬುತ್ತಿ ಬಿಚ್ಚೋದನ್ನೂ ಮರೆತು, ಸುಮ್ನೆ ಹೊರಗೆ ನೋಡುತ್ತಾ ಕೂತಿದ್ದಳು.