ಹೆರೆಮಣೆಯ ಕಪ್ಪನ್ನು ಉಜ್ಜಬೇಡಿ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಹಳೆ ಮನೆ ಕೆಡವಿದಾಗ ಮಾಡಿನ ಪಕ್ಕಾಸು ಮರದ ಲೆಕ್ಕಕ್ಕೆ, ಹಿತ್ತಾಳೆ ತೂಕದ ಲೆಕ್ಕಕ್ಕೆ ಹೋಗುತ್ತದೆ, ಮಿಕ್ಕಿದ್ದು ಗುಜರಿಗೆ. ಆ ಗುಜರಿಯಿಂದ ಶಿಲ್ಪ ಕಟ್ಟಿ ಈ ಗಡಿನಾಡಿನ ಬದುಕನ್ನು ಕಾಣಿಸಲು ಹೊರಟವರು ಮೊದಲು ಮಾಡುವ ತಪ್ಪೆಂದರೆ ಎಲ್ಲವನ್ನೂ ಉಜ್ಜಿ ಹೊಳಪು ಕೊಡುವುದು.

ತೆಂಗಿನಕಾಯಿ ತುರಿಯುವ ಒಂದು ಹೆರೆಮಣೆಯನ್ನು ಹತ್ತಿರದಿಂದ ನೋಡಿ. ಹಲಸಿನ ಹಲಗೆ, ಕೂತು ಕೂತು ನಡುವೆ ತಗ್ಗಾಗಿದೆ. ಹಲ್ಲುಗಳು ಒಂದು ಮಗ್ಗುಲಲ್ಲಿ ಹೆಚ್ಚು ಸವೆದಿವೆ, ಕಾಯಿ ತಿರುಗಿಸಿದ ಕೈಯ ರೂಢಿ ಅದು. ಕಬ್ಬಿಣ ಮರಕ್ಕೆ ನಾಟಿದಲ್ಲಿ ಸುತ್ತ ಕಪ್ಪು ಕಲೆ. ಅದು ಕೊಳೆಯಲ್ಲ, ಮರದ ಚೊಗರು ಕಬ್ಬಿಣದೊಡನೆ ಸೇರಿ ಆದದ್ದು. ಸ್ಯಾಂಡ್‌ಪೇಪರ್ ಹಾಕಿದರೆ ಕಪ್ಪೂ ಹೋಯಿತು, ಎಣ್ಣೆ ಕುಡಿದ ಮೈಯೂ ಹೋಯಿತು. ಒಣ ಬ್ರಷ್, ಆಮೇಲೆ ಚೆನ್ನಾಗಿ ಹಿಂಡಿದ ಬಟ್ಟೆ, ಅಷ್ಟು ಸಾಕು.

ಹಿತ್ತಾಳೆಗೂ ಇದೇ ಮಾತು. ಕೊಡಪಾನ, ಉರುಳಿಗಳ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಮನೆತನದ ಅಕ್ಷರ ಇರುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಅಟ್ಟದ ಪಾತ್ರೆಯ ಕನ್ನಡ ಅಕ್ಷರ ಹಾಗೇ ಉಳಿಯಿತು. ಬಫಿಂಗ್ ಚಕ್ರಕ್ಕೆ ಹಿಡಿದರೆ ಮೊದಲು ಮಾಸುವುದು ಆ ಚುಕ್ಕಿಗಳೇ. ಹುಣಸೆಹುಳಿಯೂ ಬೇಡ.

ಹೊಳಪು ಎಲ್ಲ ಕಡೆಯೂ ತಪ್ಪೆಂದಲ್ಲ. ಕಲಾವಿದ ಸುಬೋಧ್ ಗುಪ್ತಾ 2006ರಲ್ಲಿ ಸ್ಟೀಲ್ ಪಾತ್ರೆಗಳಿಂದ ದೈತ್ಯ ತಲೆಬುರುಡೆ ಕಟ್ಟಿದರು. ಅಲ್ಲಿ ಪಾತ್ರೆಯಂಗಡಿಯ ಹೊಳಪೇ ವಿಷಯ. ಘಾನಾದ ಶಿಲ್ಪಿ ಎಲ್ ಅನಾತ್ಸುಯಿ ಮದ್ಯದ ಬಾಟಲಿಯ ಮುಚ್ಚಳಗಳನ್ನು ತಟ್ಟಿ, ತಾಮ್ರದ ತಂತಿಯಲ್ಲಿ ಹೆಣೆದು ಬಟ್ಟೆಯಂತೆ ಇಳಿಬಿಡುತ್ತಾರೆ. ಹತ್ತಿರ ಹೋದರೆ ಮುಚ್ಚಳದ ಮೇಲಿನ ಹೆಸರು ಇನ್ನೂ ಓದಲು ಬರುತ್ತದೆ. ನಮ್ಮ ಸಾಮಾನಿಗೆ ಹೊಂದುವುದು ಈ ದಾರಿ.

ಇನ್ನು ಜೋಡಣೆ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಮರವನ್ನು ಹಂಚಿಗೋ ಲೋಹಕ್ಕೋ ಅಂಟಿನಿಂದ ಕೂರಿಸಬೇಡಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ, ಹಂಚು ಅಲುಗುವುದಿಲ್ಲ, ಒಂದು ವರ್ಷದೊಳಗೆ ಅಂಟು ಬಿಡುತ್ತದೆ, ಇಲ್ಲವೇ ಹಂಚೇ ಸೀಳುತ್ತದೆ. ಸ್ಕ್ರೂ ಹಾಕಿ, ಮರ ಉಬ್ಬಿ ಕುಗ್ಗಲು ಎಡೆಯಿರುವಂತೆ ಮರದ ನಾರಿಗೆ ಅಡ್ಡವಾಗಿ ಉದ್ದುದ್ದ ತೂತು ಬಿಡಿ. 4 ಮಿ.ಮೀ. ಸ್ಕ್ರೂಗೆ ಮೊದಲು 3 ಮಿ.ಮೀ. ತೂತು ಕೊರೆಯದಿದ್ದರೆ ಒಣಗಿದ ಹಲಸು ಬಿರಿಯುತ್ತದೆ. ಕಡಲ ಹತ್ತಿರವಾದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲೇ ಬೇಕು. ಹಿತ್ತಾಳೆಗೆ ಕಬ್ಬಿಣ ತಾಗಿಕೊಂಡಿದ್ದರೆ ಉಪ್ಪುಗಾಳಿಯಲ್ಲಿ ಕಬ್ಬಿಣ ಬೇಗ ತಿಂದುಹೋಗುತ್ತದೆ. ನಡುವೆ ನೈಲಾನ್ ವಾಷರ್ ಕೊಡಿ.

ಹಂಚು ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ, ಡೈಮಂಡ್ ಬಿಟ್ ಹಾಕಿ, ನೀರು ಬಿಡುತ್ತಾ ನಿಧಾನವಾಗಿ ಒತ್ತಿ. ಅಂಚಿನಿಂದ 3 ಸೆಂ.ಮೀ. ಒಳಗಿರಲಿ. 6 ಮಿ.ಮೀ. ಸರಳಿಗೆ 8 ಮಿ.ಮೀ. ತೂತು, ಎರಡೂ ಬದಿ ರಬ್ಬರ್. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಈ ಹಂಚಿನ ಕಸುಬಿನ ಗುರುತು ಹಂಚಿನ ಮೈಮೇಲಿನ ಕಾರ್ಖಾನೆಯ ಉಬ್ಬಕ್ಷರದಲ್ಲಿದೆ. ಆ ಮಗ್ಗುಲು ನೋಡುವವರ ಕಡೆಗಿರಲಿ. ಒಂದು ಹಂಚು ಎರಡೂವರೆ ಕಿಲೋ ಅಂತ ಹಿಡಿದರೂ 40 ಹಂಚಿಗೆ ಒಂದು ಕ್ವಿಂಟಾಲ್ ಆಗುತ್ತದೆ, ಗೋಡೆ ತಾಳುತ್ತದೋ ಮೊದಲೇ ನೋಡಿಕೊಳ್ಳಿ.

ಮರದ ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಹುಳ ಇದೆ. 1 ಲೀಟರ್ ಬಿಸಿನೀರಿಗೆ 60 ಗ್ರಾಂ ಬಿಳಿಗಾರ (ಬೊರಾಕ್ಸ್), 40 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಒಣಗಿಸಿ ಒಣಗಿಸಿ ಮೂರು ಸಲ ಬಳಿಯಿರಿ. ಎಣ್ಣೆ ಹಿಡಿದ ಮೇಲ್ಮೈ ಅದನ್ನು ಕುಡಿಯುವುದಿಲ್ಲ, ಅಡಿಯಿಂದ ಹಚ್ಚಬೇಕು. ಮಳೆಗೆ ತೊಳೆದುಹೋಗುವುದರಿಂದ ಸೂರಿನಡಿಯ ಕೆಲಸಕ್ಕೆ ಮಾತ್ರ.

ಭೂತಕೋಲದಲ್ಲಿ ತೊಡುವ ದೈವದ ಮೊಗ (ಮುಖವಾಡ), ಗಗ್ಗರ (ಕಾಲಿನ ಗೆಜ್ಜೆ) ಇಂಥವನ್ನು ಗುಜರಿಯಲ್ಲಿ ಕಂಡರೂ ಮುಟ್ಟಬೇಡಿ. ಅವಕ್ಕೆ ಯಾವುದೋ ಸ್ಥಾನ, ಯಾವುದೋ ಮನೆತನ ಇದೆ. 100 ವರ್ಷ ದಾಟಿದ ಲೋಹದ ವಿಗ್ರಹಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆಯ ನೋಂದಣಿಯೂ ಬೇಕು.

ಹೆಸರಿನ ಚೀಟಿಯಲ್ಲಿ ವಸ್ತು ಕೊಟ್ಟ ಮನೆಯವರ ಮಾತನ್ನೇ ಬರೆಯಿರಿ. ಬೇಲಿಯ ಈಚೆ ಕನ್ನಡದ ಹೆರೆಮಣೆ, ಆಚೆ ಅದೇ ಮಲಯಾಳದ ಚಿರವ. ಎರಡು ಮನೆಯಿಂದ ತಂದದ್ದಾದರೆ ಎರಡು ಚೀಟಿ. ಮೊದಲ ಮಳೆಗಾಲದ ಆಟಿ ತಿಂಗಳು (ತುಳುವರ ಆಷಾಢ) ಕಳೆದ ಕೂಡಲೇ ಎಲ್ಲ ಸ್ಕ್ರೂ ಬಿಗಿ ನೋಡಿ, ಹಿಂಬದಿಯಲ್ಲಿ ಬೂಸಲು ಹಿಡಿದಿದೆಯೇ ನೋಡಿ. ಗೋಡೆಗೂ ಕೆಲಸಕ್ಕೂ ನಡುವೆ ಎರಡು ಬೆರಳು ಗಾಳಿ ಬಿಟ್ಟಿದ್ದರೆ ಸಾಮಾನ್ಯವಾಗಿ ಹಿಡಿಯುವುದಿಲ್ಲ.